ಅಕ್ಕಿಕಾಳು ಬಿದ್ದಾಗ ಒಡೆದ ಮುಖ

ತಂಗಿಯ ಮದುವೆ ಹರಿಹರದಲ್ಲಿ ಆದದ್ದು 2006ರಲ್ಲಿ. ಮದುವೆಯ ಡಿವಿಡಿ ಕೈಗೆ ಬಂದದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಅವಳು ಎರಡು ಸಲ ತವರಿಗೆ ಬಂದು ಹೋಗಿದ್ದಳು. ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ, ದೊಡ್ಡ ಬುಟ್ಟಿಯಲ್ಲಿ ಒಗ್ಗರಣೆ ಮಂಡಕ್ಕಿ ಕಲಸಿಟ್ಟು, ಓಣಿಯವರೂ ಸೇರಿ ಹದಿನೈದು ಮಂದಿ ಟಿವಿ ಮುಂದೆ ಕೂತೆವು. ಅರಿಶಿನದ ಶಾಸ್ತ್ರ ಚೆನ್ನಾಗಿಯೇ ಓಡಿತು. ಚಪ್ಪರ, ಅಡುಗೆಯವರ ಒಲೆ, ಬೀಗರನ್ನು ಎದುರುಗೊಂಡದ್ದು ಎಲ್ಲ ತಕ್ಕಮಟ್ಟಿಗಿತ್ತು. ಅಂತರಪಟ ಸರಿಯಿತು, ವಾಲಗ ಜೋರಾಯಿತು, ನಾಲ್ಕೂ ಕಡೆಯಿಂದ ಅಕ್ಕಿಕಾಳು ಬಿದ್ದವು. ಆ ಕ್ಷಣಕ್ಕೇ ತಂಗಿಯ ಮುಖ ಒಡೆದು ಚೌಕ ಚೌಕವಾಯಿತು. ಬಾಸಿಂಗ ಎಲ್ಲಿ ಮುಗಿದು ಹಣೆ ಎಲ್ಲಿ ಶುರುವಾಗುತ್ತದೆ ತಿಳಿಯದು. ಮದುಮಗನ ಪೇಟ ಕೆಂಪು ಇಟ್ಟಿಗೆಯ ಗುಡ್ಡೆ. ಹತ್ತು ಹನ್ನೆರಡು ಸೆಕೆಂಡು ಹೀಗೆ. ಕಾಳು ಬೀಳುವುದು ನಿಂತ ಮೇಲೆ ಮುಖ ತಾನೇ ಕೂಡಿಕೊಂಡಿತು.

"ಟಿವಿಗೆ ಏನಾತಪಾ?" ಅಂದಳು ಅಜ್ಜಿ. ಟಿವಿಗೆ ಏನೂ ಆಗಿರಲಿಲ್ಲ. ಎರಡನೇ ಸಲ ಹಾಕಿದಾಗಲೂ ಅದೇ ಜಾಗದಲ್ಲಿ ಹಾಗೇ ಒಡೆಯಿತು.

ಮಾರನೆಯ ದಿನ ಸ್ಟುಡಿಯೋಕ್ಕೆ ಹೋದೆ. ಹೆಸರು ಬೇಡ, ಆ ದಿನಗಳಲ್ಲಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ನಡೆಯುತ್ತಿತ್ತು. ಮಿಕ್ಸಿಂಗ್ ಮಾಡುವ ಹುಡುಗ ತಲೆ ಎತ್ತದೆ ಹೇಳಿದ: "ಅಣ್ಣಾ, ನಾಕು ತಾಸಿಂದು ಒಂದೇ ಡಿಸ್ಕಿಗೆ ಹಾಕ್ರಿ ಅಂತ ನಿಮ್ಮ ಮನಿಯವ್ರೇ ಹೇಳ್ಯಾರೆ." ಹೌದು, ಅಪ್ಪನೇ ಹೇಳಿದ್ದರು. ಎರಡು ಡಿಸ್ಕ್ ಆದರೆ ಒಂದು ಕಳೆದುಹೋಗುತ್ತದೆ ಎಂಬುದು ಅವರ ವಾದ. ಆದರೂ ನನಗೆ ಆವತ್ತು ಹತ್ತಿದ ಅನುಮಾನ ಇಂದಿಗೂ ಬಿಟ್ಟಿಲ್ಲ: ಡಿಸ್ಕಿನಲ್ಲಿ ಜಾಗ ಕಡಿಮೆ ಎಂಬುದು ಅರ್ಧ ಕಾರಣ. ಇದ್ದ ಜಾಗವನ್ನು ಯಾರಿಗೆ ಎಷ್ಟು ಬಡಿಸಿದರು ಎಂಬುದು ಇನ್ನರ್ಧ. ಆ ಇನ್ನರ್ಧವನ್ನು ಕುರಿತು ಯಾರೂ ಮಾತಾಡುವುದಿಲ್ಲ.

ಮೊದಲು ಜಾಗದ ಲೆಕ್ಕ. ಡಿಸ್ಕಿನ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ 4.37 ಎನ್ನುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. ಹೇಗೆ ಎಣಿಸಿದರೂ ಅದು 470 ಕೋಟಿ ಬೈಟು. ಬೈಟಿಗೆ 8 ಬಿಟ್‌ನಂತೆ 3,760 ಕೋಟಿ ಬಿಟ್. ಎರಡು ತಾಸಿನ ವಿಡಿಯೋ ಎಂದರೆ 7,200 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 52 ಲಕ್ಷ ಬಿಟ್ ಸಿಗುತ್ತದೆ. ಇದನ್ನೇ 5.2 ಮೆಗಾಬಿಟ್ ಬಿಟ್‌ರೇಟ್ ಎನ್ನುವುದು. ನಾಲ್ಕು ತಾಸಿಗೆ ಹಿಗ್ಗಿಸಿದರೆ 26 ಲಕ್ಷ. ಆರು ತಾಸಿಗೆ 17 ಲಕ್ಷ. ಫೈಲಿನ ಗಾತ್ರದಲ್ಲಿ ಇದಕ್ಕಿಂತ ಹೆಚ್ಚಿನ ಗುಟ್ಟೇನೂ ಇಲ್ಲ. ಸೆಕೆಂಡಿಗಿಷ್ಟು ಎಂಬುದನ್ನು ಸೆಕೆಂಡುಗಳಿಂದ ಗುಣಿಸಿದರೆ ಗಾತ್ರ ಬಂತು. ಚಿತ್ರ ಚೆಂದವಿದೆಯೋ ಇಲ್ಲವೋ ಆ ಗುಣಾಕಾರಕ್ಕೆ ಗೊತ್ತಿಲ್ಲ.

ಸೆಕೆಂಡಿಗೆ 52 ಲಕ್ಷ ಎಂದರೆ ಬಹಳವಾಯಿತಲ್ಲ ಅನ್ನಿಸಬಹುದು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಡಿವಿಡಿಯ ಒಂದೊಂದು ಚಿತ್ರಕ್ಕೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಸೆಕೆಂಡಿಗೆ ಇಂಥ 25 ಚಿತ್ರ. ಹಿಂಡದೆ, ಕುಗ್ಗಿಸದೆ ಬರೆಯುತ್ತ ಹೋದರೆ ಸೆಕೆಂಡಿಗೆ ಸುಮಾರು 12 ಕೋಟಿ 44 ಲಕ್ಷ ಬಿಟ್ ಬೇಕು. ಇಡೀ ಡಿಸ್ಕು ಐದು ನಿಮಿಷಕ್ಕೆ ತುಂಬಿಹೋಗುತ್ತದೆ. ಬೀಗರು ಕಾಲು ತೊಳೆದು ಒಳಗೆ ಬರುವುದರೊಳಗೆ ಡಿವಿಡಿ ಮುಗಿದಿರುತ್ತದೆ. ಹಾಗಾಗಿ ಹಿಂಡಲೇಬೇಕು. ಎರಡು ತಾಸಿಗೆ ಹಿಂಡಿದರೆ ಇಪ್ಪತ್ನಾಲ್ಕು ಭಾಗದಲ್ಲಿ ಒಂದು ಭಾಗ ಉಳಿಯುತ್ತದೆ, ನಾಲ್ಕು ತಾಸಿಗೆ ನಲವತ್ತೆಂಟರಲ್ಲಿ ಒಂದು.

ಇಷ್ಟು ಹಿಂಡಿಯೂ ಮುಖ ಮುಖವಾಗಿ ಉಳಿಯಲು ಕಾರಣವಾದ ಗಣಿತ ಕಂಡುಕೊಂಡವರು ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ನಾಸಿರ್ ಅಹಮದ್. ಇಂದು ಯುವಿಸಿಇ ಎನ್ನುವ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಈ ಆಲೋಚನೆ ಬರೆದು ಹಣ ಕೇಳಿದರು, ಸಿಗಲಿಲ್ಲ. ಆದರೂ ಕೆಲಸ ಬಿಡಲಿಲ್ಲ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಅದರ ಹೆಸರು. ಜೇಪೆಗ್ ಫೋಟೋದಿಂದ ಡಿವಿಡಿಯ ಎಂಪೆಗ್-2ರವರೆಗೆ ಎಲ್ಲದರ ಹೊಟ್ಟೆಯಲ್ಲೂ ಅದೇ ಇದೆ. ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಮೆಲ್ಲಗೆ ಬದಲಾಗುವ ಬಣ್ಣ-ಬೆಳಕು ಎಷ್ಟು, ನುಣ್ಣನೆಯ ವಿವರ ಎಷ್ಟು ಎಂದು ಬೇರೆಬೇರೆ ಮಾಡುತ್ತದೆ. ಕೆನ್ನೆಯ ನುಣುಪು ಮೊದಲನೆಯ ಜಾತಿ. ಸೀರೆಯ ಜರಿ, ಮಲ್ಲಿಗೆಯ ಎಸಳು, ಗಾಳಿಯಲ್ಲಿರುವ ಅಕ್ಕಿಕಾಳು ಎರಡನೆಯದು. ಬಿಟ್ ಕಡಿಮೆ ಬಿದ್ದಾಗ ಎರಡನೆಯ ಜಾತಿಯವನ್ನು ಮೊದಲು ಒರಟಾಗಿ ಕತ್ತರಿಸುತ್ತಾರೆ, ಕಣ್ಣು ಅದನ್ನು ಅಷ್ಟಾಗಿ ಗಮನಿಸದು ಎಂಬ ಧೈರ್ಯದ ಮೇಲೆ. ಇನ್ನೂ ಕಡಿಮೆ ಬಿದ್ದರೆ ಚೌಕಕ್ಕೆ ಒಂದೇ ಸರಾಸರಿ ಬಣ್ಣ ಉಳಿಯುತ್ತದೆ. ನಮ್ಮ ಅಳಿಯಂದಿರ ಪೇಟ ಇಟ್ಟಿಗೆಯಾದದ್ದು ಹೀಗೆ.

ಎರಡನೆಯ ಉಳಿತಾಯ, ಚಿತ್ರದಿಂದ ಚಿತ್ರಕ್ಕೆ ಬದಲಾಗದ್ದನ್ನು ಮತ್ತೆ ಬರೆಯದಿರುವುದು. ಹನ್ನೆರಡು-ಹದಿನೈದು ಚಿತ್ರಕ್ಕೊಂದನ್ನು ಪೂರ್ತಿ ಬರೆದು, ನಡುವಿನವಕ್ಕೆ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತಾರೆ. ಮಂಟಪದ ಹಿಂದಿನ ಪರದೆ ಅಲ್ಲೇ ಇದ್ದರೆ ಅದಕ್ಕೆ ಖರ್ಚಿಲ್ಲ. ಒಬ್ಬ ಮನುಷ್ಯ ಎಡದಿಂದ ಬಲಕ್ಕೆ ನಡೆದರೆ 'ಇದನ್ನೇ ಇಷ್ಟು ಸರಿಸು' ಎಂದು ಬರೆದರಾಯಿತು. ಆದರೆ ಇನ್ನೂರು ಕೈಗಳಿಂದ ಬಿದ್ದ ಅಕ್ಕಿಕಾಳನ್ನು ಎಲ್ಲಿಂದ ಎಲ್ಲಿಗೆ ಸರಿಸುವುದು? ಹಿಂದಿನ ಚಿತ್ರದಲ್ಲಿ ಅವು ಇರಲೇ ಇಲ್ಲ, ಮುಂದಿನದರಲ್ಲಿ ಇರುವುದಿಲ್ಲ. ಅದೇ ಹೊತ್ತಿಗೆ ಫೋಟೋದವರ ಫ್ಲ್ಯಾಷ್ ಬೇರೆ. ಒಂದು ಮಿಂಚಿಗೆ ಇಡೀ ಪರದೆ ಬಿಳಿಚಿ, ಹಿಂದಿನ ಚಿತ್ರದಿಂದ ಎರವಲು ತರಲು ಏನೂ ಉಳಿಯುವುದಿಲ್ಲ. ಮನೆಯವರಿಗೆ ಇಡೀ ಮದುವೆಯಲ್ಲಿ ಯಾವ ಅರೆ ನಿಮಿಷ ಬೇಕೋ, ಯಂತ್ರಕ್ಕೆ ಆ ಅರೆ ನಿಮಿಷವೇ ಅತ್ಯಂತ ದುಬಾರಿ. ಹೊಳೆ ದಂಡೆಯ ಗಂಗೆ ಪೂಜೆಯದೂ ಇದೇ ಪಾಡು. ತುಂಗಭದ್ರೆಯ ಮೇಲೆ ಬೆಳಗಿನ ಬಿಸಿಲು ಚೂರುಚೂರಾಗಿ ಹೊಳೆಯುತ್ತಿರುತ್ತದೆ; ಎನ್‌ಕೋಡರ್ ಆ ಚೂರುಗಳನ್ನೆಲ್ಲ ಹೊಸ ಸುದ್ದಿ ಎಂದು ನಂಬಿ ಬಿಟ್ ಸುರಿಯುತ್ತದೆ. ಮುಂದೆ ಕೊಡ ಹೊತ್ತು ನಿಂತ ಸೋದರತ್ತೆಯ ಮುಖಕ್ಕೆ ಉಳಿದದ್ದು ಅಷ್ಟಕ್ಕಷ್ಟೆ. ಅಲ್ಲಿಂದ ಹರಿಹರೇಶ್ವರನ ಗುಡಿಗೆ ಹೋದರೆ ಇನ್ನೊಂದು ಸಂಕಟ. 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿ, ಒಳಗೆ ಅರೆಗತ್ತಲು, ಕಡೆದ ಕಂಬಗಳು. ಕತ್ತಲಲ್ಲಿ ಕ್ಯಾಮೆರಾ ತಾನೇ ಬೆಳಕು ಏರಿಸಿಕೊಂಡಾಗ ಚಿತ್ರದ ತುಂಬ ಎಳ್ಳು ಎರಚಿದಂತೆ ಕಾಳು ಕಾಳು ಕಾಣುತ್ತದೆ. ಆ ಎಳ್ಳೂ ಬಿಟ್ ತಿನ್ನುತ್ತದೆ.

ಮತ್ತೆ ನಮ್ಮ ಡಿಸ್ಕಿಗೆ ಬರುತ್ತೇನೆ. ಒಂದು ಭಾನುವಾರ ಅದನ್ನು ಕಂಪ್ಯೂಟರಿಗೆ ಹಾಕಿ ಒಳಗೆ ಏನಿದೆ ಎಂದು ನೋಡಿದೆ. ನಾಲ್ಕು ತಾಸು, ಸೆಕೆಂಡಿಗೆ ಒಟ್ಟು 26 ಲಕ್ಷ ಬಿಟ್, ಲೆಕ್ಕ ಸರಿಯಾಗಿತ್ತು. ಧ್ವನಿಯ ಸಾಲಿಗೆ ಬಂದಾಗ ನಂಬಲಾಗಲಿಲ್ಲ. ಧ್ವನಿ ಪಿಸಿಎಂ, ಅಂದರೆ ಹಿಂಡದ ಧ್ವನಿ. ಸೆಕೆಂಡಿಗೆ 15 ಲಕ್ಷದ 36 ಸಾವಿರ ಬಿಟ್. ನಾಲ್ಕು ತಾಸಿಗೆ ಅದೊಂದೇ 2.76 ಜಿಬಿ! ಡಿಸ್ಕಿನ ಅರ್ಧಕ್ಕಿಂತ ಹೆಚ್ಚು ಜಾಗವನ್ನು ವಾಲಗ, ಮೈಕಿನ ಕೀರಲು, "ಊಟಕ್ಕೆ ಏಳ್ರಪ್ಪಾ" ಎಂಬ ಕೂಗು ತಿಂದಿದ್ದವು. ಚಿತ್ರಕ್ಕೆ ಉಳಿದದ್ದು ಸೆಕೆಂಡಿಗೆ ಹತ್ತು ಲಕ್ಷದ ಚಿಲ್ಲರೆ. ಹಳೆಯ ವಿಸಿಡಿಯಲ್ಲಿ ಚಿತ್ರಕ್ಕೆ 11.5 ಲಕ್ಷ ಇರುತ್ತಿತ್ತು, ಅದೂ 352ಕ್ಕೆ 288 ಚುಕ್ಕಿಯ ಸಣ್ಣ ಚಿತ್ರಕ್ಕೆ. ನಮಗೆ ಸಿಕ್ಕಿದ್ದು ವಿಸಿಡಿಗಿಂತ ಕಡಿಮೆ ಬಿಟ್ಟನ್ನು ಅದರ ನಾಲ್ಕು ಪಟ್ಟು ದೊಡ್ಡ ಚಿತ್ರದ ಮೇಲೆ ಸವರಿದ ಡಿವಿಡಿ. ಅದೇ ಧ್ವನಿಯನ್ನು ಡಾಲ್ಬಿ ಎಸಿ-3ರಲ್ಲಿ ಸೆಕೆಂಡಿಗೆ 1.92 ಲಕ್ಷಕ್ಕೆ ಇಳಿಸಿದ್ದರೆ ನಾಲ್ಕು ತಾಸಿಗೆ 346 ಎಂಬಿ ಸಾಕಿತ್ತು. ಮದುವೆ ವಾಲಗದಲ್ಲಿ ಈ ಎರಡರ ವ್ಯತ್ಯಾಸ ಗುರುತಿಸುವ ಕಿವಿ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಚಿತ್ರಕ್ಕೆ ಸಿಗುವ ಬಿಟ್ ಮಾತ್ರ ಎರಡು ಪಟ್ಟು ಮೀರುತ್ತಿತ್ತು, ಫೈಲಿನ ಗಾತ್ರ ಒಂದು ಬೈಟೂ ಹೆಚ್ಚದೆ.

ಹುಡುಗ ಬೇಕೆಂದು ಮಾಡಿದ್ದಲ್ಲ. ಡಾಲ್ಬಿಗೆ ಲೈಸೆನ್ಸ್ ಹಣ ಕಟ್ಟಬೇಕಾದ್ದರಿಂದ ಕೆಲವು ಸಾಫ್ಟ್‌ವೇರುಗಳಲ್ಲಿ ಪಿಸಿಎಂ ತಾನಾಗಿ ಆಯ್ಕೆಯಾಗಿರುತ್ತಿತ್ತು. ಬಿಟ್‌ರೇಟ್ ಪೆಟ್ಟಿಗೆಯಲ್ಲಿ 'ಡಿಸ್ಕಿಗೆ ಹೊಂದಿಸು' ಎಂದು ಒತ್ತಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಒಂದು ಗುಂಡಿ ಒತ್ತಿದಾಗ ನಮ್ಮ ಪರವಾಗಿ ಯಾರೋ ತೀರ್ಮಾನ ಮಾಡಿರುತ್ತಾರೆ, ಅದು ಯಾವ ತೀರ್ಮಾನ ಅಂತ ಕೇಳುವ ಅಭ್ಯಾಸ ನಮಗಿಲ್ಲ. ನನಗೂ ಇರಲಿಲ್ಲ.

ಇದಕ್ಕೆ ಸುಲಭದ ಮದ್ದು ಎಲ್ಲರಿಗೂ ಗೊತ್ತು: ನಾಲ್ಕು ತಾಸನ್ನು ಎರಡಕ್ಕೆ ಇಳಿಸಿ. ಹೀಗೆ ಹೇಳುವವರು ನಮ್ಮ ಕಡೆ ಮದುವೆ ಮಾಡಿ ನೋಡಬೇಕು. ಆರತಕ್ಷತೆಯ ಸಾಲು ಒಂದೂವರೆ ತಾಸು ಇರುತ್ತದೆ. ಒಬ್ಬೊಬ್ಬರಾಗಿ ಬಂದು, ಮುಯ್ಯಿ ಕೊಟ್ಟು, ಕ್ಯಾಮೆರಾ ನೋಡಿ ನಿಂತು ಹೋಗುತ್ತಾರೆ. ನೋಡಲು ಬೇಸರ, ಒಪ್ಪುತ್ತೇನೆ. ಆದರೆ ಅದು ಮನೆಯ ಮುಯ್ಯಿ ಪುಸ್ತಕದ ಜೋಡಿ ದಾಖಲೆ. ರಾಣೆಬೆನ್ನೂರಿನ ದೊಡ್ಡಪ್ಪ ಬಂದಿದ್ದರೋ ಇಲ್ಲವೋ ಎಂಬ ಜಗಳ ಆ ಡಿಸ್ಕು ಹಾಕಿಯೇ ನಮ್ಮ ಮನೆಯಲ್ಲಿ ಬಗೆಹರಿದದ್ದು. ಅವರನ್ನು ಕತ್ತರಿಸಿ ಕ್ಲಾರಿಟಿ ಹೆಚ್ಚಿಸಿದೆವು ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ತೀರಿಕೊಂಡವರ ಕೊನೆಯ ಓಡಾಡುವ ಚಿತ್ರ ಎಷ್ಟೋ ಮನೆಗಳಲ್ಲಿ ಬೇರೆಯವರ ಮದುವೆಯ ಆ ಬೇಸರದ ಸಾಲಿನಲ್ಲಿದೆ.

ಹಾಗಾದರೆ ಉದ್ದವೂ ಬೇಕು, ಅಕ್ಕಿಕಾಳಿನ ಮುಖವೂ ಬೇಕು ಎಂದರೆ ಹೇಗೆ? ನನ್ನ ವಾದ ಇರುವುದು ಇಲ್ಲೇ. ಆರತಕ್ಷತೆಯ ಸಾಲಿನಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗದೆ ನಿಂತಿರುತ್ತದೆ. ಹಿಂದೆ ಅದೇ ಪರದೆ, ಅದೇ ಸಿಂಹಾಸನ, ಅದೇ ಎರಡು ದಣಿದ ಮುಖ. ಅದಕ್ಕೆ ಸೆಕೆಂಡಿಗೆ 15-20 ಲಕ್ಷ ಬಿಟ್ ಬಡಿಸಿದರೆ ಹೊಟ್ಟೆ ತುಂಬುತ್ತದೆ. ಅಕ್ಕಿಕಾಳಿನ ಅರೆ ನಿಮಿಷಕ್ಕೆ 80 ಲಕ್ಷ ಬೇಕು. ನಮ್ಮ ಡಿಸ್ಕಿನಲ್ಲಿ ಎರಡಕ್ಕೂ ಒಂದೇ ಸೌಟು ಬಡಿಸಿದ್ದರು. ಇದಕ್ಕೆ ಸಿಬಿಆರ್, ಕಾನ್‌ಸ್ಟಂಟ್ ಬಿಟ್‌ರೇಟ್ ಎನ್ನುತ್ತಾರೆ. ಇನ್ನೊಂದು ದಾರಿ ವಿಬಿಆರ್, ಬೇಕಾದಲ್ಲಿ ಹೆಚ್ಚು, ಸಾಕಾದಲ್ಲಿ ಕಡಿಮೆ. ಅದರಲ್ಲೂ ಎರಡು ಸುತ್ತಿನದು: ಮೊದಲ ಸುತ್ತಿನಲ್ಲಿ ಇಡೀ ಮದುವೆಯನ್ನು ಬರೆಯದೆ ನೋಡಿ ಎಲ್ಲೆಲ್ಲಿ ಕಷ್ಟವಿದೆ ಎಂದು ಗುರುತು ಹಾಕಿಕೊಳ್ಳುತ್ತದೆ, ಎರಡನೆಯದರಲ್ಲಿ ಆ ಗುರುತಿನಂತೆ ಬಡಿಸುತ್ತದೆ. ಸರಾಸರಿ ಅದೇ, ಫೈಲಿನ ಗಾತ್ರ ಅದೇ. ಅಕ್ಕಿಕಾಳಿಗೆ 30 ಸೆಕೆಂಡು 80 ಲಕ್ಷದಂತೆ ಕೊಟ್ಟರೂ ಆಗುವ ಖರ್ಚು 30 ಎಂಬಿ. ನಾಲ್ಕೂವರೆ ಸಾವಿರ ಎಂಬಿಯ ಡಿಸ್ಕಿನಲ್ಲಿ 30 ಎಂಬಿಗೆ ಬಡತನವೇ? ದೊಡ್ಡಪ್ಪನೂ ಉಳಿಯುತ್ತಿದ್ದರು, ತಂಗಿಯ ಮೂಗೂ ಉಳಿಯುತ್ತಿತ್ತು.

ಪಂಕ್ತಿಭೇದ ಅನ್ನಬಹುದು. ಹಸಿದವನ ಎಲೆಗೂ ಉಂಡು ಕೈ ತೊಳೆಯಲು ಎದ್ದವನ ಎಲೆಗೂ ಒಂದೇ ಅಳತೆ ಹಾಕುವುದನ್ನು ಸಮಾನತೆ ಎಂದು ನಾನು ಕರೆಯಲಾರೆ.

ಸ್ಟುಡಿಯೋದವರು ಯಾಕೆ ಹಾಗೆ ಮಾಡಲಿಲ್ಲ ಎಂಬುದಕ್ಕೆ ಉತ್ತರ ಸೋಮಾರಿತನ ಅಂತ ಮೊದಲು ತಿಳಿದಿದ್ದೆ. ಆಮೇಲೆ ಅದೇ ಹುಡುಗನ ಪಕ್ಕದಲ್ಲಿ ಒಂದು ರಾತ್ರಿ ಕೂತೆ. ನಾಲ್ಕು ತಾಸಿನ ವಿಡಿಯೋ ಒಂದು ಸುತ್ತು ರೆಂಡರ್ ಆಗಲು ಆಗಿನ ಪೆಂಟಿಯಮ್‌ಗೆ ಇಡೀ ರಾತ್ರಿ ಬೇಕು, ಎರಡು ಸುತ್ತಿಗೆ ಮರುದಿನ ಮಧ್ಯಾಹ್ನ. ಮದುವೆ ಸೀಸನ್, ಸಾಲಿನಲ್ಲಿ ಇಪ್ಪತ್ತು ಮದುವೆ ಕಾಯುತ್ತಿವೆ. ಬೇಸಿಗೆಯ ಕರೆಂಟು ಯಾವಾಗ ಹೋಗುತ್ತದೋ ತಿಳಿಯದು; ಯುಪಿಎಸ್ ಹದಿನೈದು ನಿಮಿಷ ಕೂಗಿ ಸುಮ್ಮನಾದರೆ ಮೊದಲಿಂದ ಶುರು. ಅವನ ಜಾಗದಲ್ಲಿ ನಾನಿದ್ದರೂ ಒಂದೇ ಸುತ್ತಿಗೆ ಒತ್ತುತ್ತಿದ್ದೆ. ಕೇಳುವ ಗಿರಾಕಿ ಇದ್ದಿದ್ದರೆ ಬಹುಶಃ ಎರಡು ಸುತ್ತಿಗೆ ಬೇರೆ ರೇಟು ಹುಟ್ಟುತ್ತಿತ್ತು. ಗಿರಾಕಿ ಕೇಳಿದ್ದು ಎರಡೇ: ಎಷ್ಟು ತಾಸು, ಎಷ್ಟು ರೊಕ್ಕ.

ಬಿಟ್‌ರೇಟ್ ಏರಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ. ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ 98 ಲಕ್ಷ ಬಿಟ್, ಧ್ವನಿಯೂ ಸೇರಿ ಒಟ್ಟು ಒಂದು ಕೋಟಿಯ ಆಸುಪಾಸು ಮಿತಿ ಇದೆ. ಮನೆಯಲ್ಲಿ ರೈಟ್ ಮಾಡಿದ ಡಿಸ್ಕನ್ನು ಆ ಮಿತಿಗೆ ಹತ್ತಿರ ಒಯ್ದರೆ ಅಗ್ಗದ ಪ್ಲೇಯರುಗಳು ಮುಗ್ಗರಿಸುತ್ತವೆ. 20 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದಾಗ ಕಣ್ಣಿಗೆ ಹಬ್ಬ. 40ರಿಂದ 80ಕ್ಕೆ ಏರಿಸಿದಾಗ ಗಾತ್ರ ಮತ್ತೆ ದುಪ್ಪಟ್ಟಾಗುತ್ತದೆ, ಕಣ್ಣಿಗೆ ಕಾಣುವ ಲಾಭ ಅಕ್ಕಿಕಾಳು, ನೀರು, ಫ್ಲ್ಯಾಷ್‌ಗಳಲ್ಲಿ ಮಾತ್ರ. ಇನ್ನು ಹಳೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಡಿವಿಡಿಗೆ ಇಳಿಸುವವರಿಗೆ 720 ಚುಕ್ಕಿಯ ಅಗಲವೇ ದಂಡ. ಆ ಕ್ಯಾಸೆಟ್ಟಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ ಇರುವುದು. ಡಿವಿಡಿಯ ನಿಯಮವೇ ಒಪ್ಪುವ 352ಕ್ಕೆ 576ರ ಅರ್ಧ ಅಗಲಕ್ಕೆ ಇಟ್ಟರೆ 25 ಲಕ್ಷ ಬಿಟ್ಟಿಗೂ ಚೌಕ ಒಡೆಯದೆ ನಿಲ್ಲುತ್ತದೆ, ತುಸು ಮಸುಕಾಗಿ. ಮಸುಕು ಮುಖವನ್ನು ಕಣ್ಣು ಕ್ಷಮಿಸುತ್ತದೆ, ಇಟ್ಟಿಗೆ ಮುಖವನ್ನು ಕ್ಷಮಿಸುವುದಿಲ್ಲ. ಟಿವಿಯ ಜೊತೆ ಇಡುತ್ತಿದ್ದ ಡಿವಿಡಿ ರೆಕಾರ್ಡರುಗಳ ನಾಲ್ಕು ತಾಸಿನ ಎಲ್‌ಪಿ ಮೋಡಿನಲ್ಲಿ ಎಷ್ಟೋ ಕಂಪನಿಗಳು ಮಾಡಿದ್ದು ಇದನ್ನೇ.

ಈಗ ಡಿವಿಡಿ ಪ್ಲೇಯರೇ ಮನೆಗಳಿಂದ ಹೋಗುತ್ತಿದೆ. ಹಳೆಯ ಡಿಸ್ಕು ಹಿಡಿದು ಜನ ಪೆನ್‌ಡ್ರೈವಿಗೆ ಹಾಕಿಸಲು ಅಲೆಯುತ್ತಾರೆ. 'ಎಚ್‌ಡಿ ಮಾಡಿಕೊಡಲಾಗುವುದು' ಎಂಬ ಬೋರ್ಡುಗಳು ಹುಟ್ಟಿವೆ. ದಾವಣಗೆರೆಯವನು ಉಪಮೆ ಕೊಡುವುದಾದರೆ ಬೆಣ್ಣೆ ದೋಸೆಯದ್ದೇ ಕೊಡಬೇಕೆಂದು ಹೊರಗಿನವರ ನಿರೀಕ್ಷೆ. ಇಲ್ಲಿಗೆ ಮಂಡಕ್ಕಿ ಸರಿ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಬಿದ್ದ ಒಂದು ಸೇರು ಅಕ್ಕಿ ಅರಳಿ ಚೀಲ ತುಂಬುತ್ತದೆ, ತೂಕ ಮಾತ್ರ ಹೆಚ್ಚುವುದಿಲ್ಲ. ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟಿನ ನಮ್ಮ ಮದುವೆಯನ್ನು ಎಚ್‌ಡಿ ಹೆಸರಿನಲ್ಲಿ ಕೋಟಿ ಬಿಟ್ಟಿಗೆ ಹುರಿದರೆ ಆಗುವುದೂ ಅಷ್ಟೇ. ಫೈಲು 18 ಜಿಬಿ ಆಗುತ್ತದೆ. ಒಳಗೆ ಅದೇ ಇಟ್ಟಿಗೆಗಳು, ಈಗ ಅಂಚು ಚೊಕ್ಕವಾಗಿ. ಅವನ್ನೆಲ್ಲ ನಿಷ್ಠೆಯಿಂದ ಕಾಪಾಡಲು ಹೊಸ ಬಿಟ್‌ಗಳನ್ನು ಸುರಿಯಬೇಕು, ಅಷ್ಟೇ.

ಮೂಲ ಕ್ಯಾಸೆಟ್ ಸಿಕ್ಕಿದ್ದರೆ ಕಥೆ ಬೇರೆ. ಆಗ ಶೂಟಿಂಗ್ ಆಗುತ್ತಿದ್ದದ್ದು ಮಿನಿ ಡಿವಿಯಲ್ಲಿ. ಅದರಲ್ಲಿ ಚಿತ್ರಕ್ಕೇ ಸೆಕೆಂಡಿಗೆ 2.5 ಕೋಟಿ ಬಿಟ್, ಒಂದು ತಾಸಿಗೆ 13 ಜಿಬಿ. ಪ್ರತಿ ಚಿತ್ರವನ್ನೂ ತನ್ನಷ್ಟಕ್ಕೇ ಪೂರ್ತಿ ಬರೆದಿರುತ್ತದೆ, ಪಕ್ಕದ್ದರಿಂದ ಎರವಲಿಲ್ಲ. ತಂಗಿಯ ಮುಖದ ಮುಂದೆ ಬಿದ್ದ ಅಕ್ಕಿಕಾಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೇಳಲು ಹೋದೆ. ಅದೇ ಹುಡುಗ, ಈಗ ತಲೆ ನರೆತಿದೆ. "ಅಣ್ಣಾ, ಅವೇ ಕ್ಯಾಸೆಟ್ಟಿನ ಮ್ಯಾಗೆ ಮುಂದಿನ ವಾರದ ಮದುವಿ ಹೊಡಿತಿದ್ವಿ" ಅಂದ. ಯಾರದೋ ಮದುವೆ, ಅದರ ಮೇಲೆ ಇನ್ಯಾರದೋ. ಮದುವೆಗೆ ಲಕ್ಷಗಟ್ಟಲೆ ಸುರಿದ ಮನೆಗಳು ಮೂರು ನಾಲ್ಕು ಖಾಲಿ ಕ್ಯಾಸೆಟ್ಟಿನ ಬೆಲೆ ಕೊಟ್ಟು ಮೂಲವನ್ನು ಇಸಿದುಕೊಳ್ಳಲಿಲ್ಲ. ನಾವೂ ಇಸಿದುಕೊಳ್ಳಲಿಲ್ಲ.

ಹೋದ ತಿಂಗಳು ತಂಗಿ ಆ ಡಿಸ್ಕನ್ನು ಪೆನ್‌ಡ್ರೈವಿಗೆ ಹಾಕಿಕೊಡು ಎಂದು ತಂದಳು. ಡಿಸ್ಕಿನ ಅಂಚಿನ ಬಣ್ಣ ಮಾಸುತ್ತಿತ್ತು, ಎರಡು ಡ್ರೈವು ಬದಲಿಸಿದ ಮೇಲೆ ಪೂರ್ತಿ ಓದಿತು. ಯಾವುದಕ್ಕೂ ಕನ್ವರ್ಟ್ ಮಾಡದೆ, ಒಳಗಿದ್ದ ಐದು ವಿಒಬಿ ಫೈಲುಗಳನ್ನು ಇದ್ದದ್ದು ಇದ್ದ ಹಾಗೆ ಇಳಿಸಿದೆ. (ಒಂದೊಂದು ಹೆಚ್ಚೆಂದರೆ ಒಂದು ಜಿಬಿ ಇರುತ್ತದೆ, ಮೊದಲನೆಯದನ್ನಷ್ಟೇ ಹಾಕಿಕೊಂಡು ಊಟದ ಪಂಕ್ತಿಯೇ ಇಲ್ಲ ಎಂದು ಗಾಬರಿಯಾದವರನ್ನು ಕಂಡಿದ್ದೇನೆ.) ಅಳಿಯಂದಿರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. 16 ಜಿಬಿಯ ಪೆನ್‌ಡ್ರೈವು. ಪರದೆಯ ಮೇಲೆ ಅದರ ಪಟ್ಟಿ ಕಾಲು ಭಾಗಕ್ಕಿಂತ ತುಸು ಮುಂದೆ ಬಂದು ನಿಂತಿತು.

"ಭಾವಾ, ಇನ್ನೂ ಹತ್ತು ಜಿಬಿ ಮ್ಯಾಲೆ ಜಾಗ ಐತಲ್ಲ" ಅಂದರು. "ಅದನ್ನೂ ತುಂಬಿದ್ರೆ ಕ್ಲಾರಿಟಿ ಬರಂಗಿಲ್ಲೇನು?"

ಖಾಲಿ ಇರಲಿ ಬಿಡ್ರಿ ಅಂದೆ.